ಒಂದು ಮಿಲಿಆಂಪ್‌ನ ಚರಿತ್ರೆ

ಕಿವಿ ಮಷೀನಿನ ಚರಿತ್ರೆಯನ್ನು ಸಾಮಾನ್ಯವಾಗಿ ಗಾತ್ರದ ಚರಿತ್ರೆಯಾಗಿ ಹೇಳುತ್ತಾರೆ. ಮೊದಲು ಕೊಂಬಿನಂಥ ಕಹಳೆ, ಆಮೇಲೆ ಮೇಜಿನ ಮೇಲಿನ ಪೆಟ್ಟಿಗೆ, ಆಮೇಲೆ ಅಂಗಿಯ ಜೇಬಿನ ಡಬ್ಬಿ, ಆಮೇಲೆ ಕಿವಿಯ ಹಿಂದೆ ಕೂರುವ ಗೋಡಂಬಿ ಗಾತ್ರದ ಸಾಧನ, ಕೊನೆಗೆ ಕಿವಿಯೊಳಗೇ ಮಾಯವಾಗುವ ಕಡಲೆಕಾಳು. ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ನೋಡಲು ಚೆನ್ನಾಗಿಯೂ ಇರುತ್ತದೆ. ನನ್ನ ಕುತೂಹಲ ಮಾತ್ರ ಆ ಸಾಲಿನಲ್ಲಿ ಕಣ್ಣಿಗೆ ಬೀಳದ ಇನ್ನೊಂದು ವಿಷಯದ ಮೇಲೆ. ಈ ಎಲ್ಲ ಡಬ್ಬಿಗಳಲ್ಲೂ ಬ್ಯಾಟರಿಯ ಕರೆಂಟು ಹೋಗಿದ್ದು ಎಲ್ಲಿಗೆ?

ಮೈಕ್ರೋಫೋನ್ ತಿನ್ನುವುದು ಚೂರು. ಸದ್ದನ್ನು ಮೊದಲ ಸುತ್ತಿನಲ್ಲಿ ಹಿಗ್ಗಿಸುವ ಸರ್ಕೀಟುಗಳು ತಿನ್ನುವುದೂ ಚೂರೇ. ಹಳೆಯ ಅನಲಾಗ್ ಸಾಧನಗಳಲ್ಲಿ ಸಿಂಹಪಾಲು ಹೋಗುತ್ತಿದ್ದದ್ದು ಕಟ್ಟಕಡೆಯ ಘಟ್ಟಕ್ಕೆ, ಅಂದರೆ ಕಿವಿಯೊಳಗಿನ ಪುಟಾಣಿ ಸ್ಪೀಕರನ್ನು ಅಲುಗಾಡಿಸುವ ಔಟ್‌ಪುಟ್ ಆಂಪ್ಲಿಫೈಯರಿಗೆ. ಸೆಲ್ಲು ಎಷ್ಟು ದಿನ ಬರುತ್ತದೆ, ಜೋರು ಸದ್ದಿಗೆ ಮಷೀನು ಒಡೆದ ದನಿಯಲ್ಲಿ ಕಿರುಚುತ್ತದೋ ಇಲ್ಲವೋ, ಆ ಕಾರಣಕ್ಕೆ ಅದನ್ನು ಹಾಕಿಕೊಂಡವರು ದಿನವಿಡೀ ಹಾಕಿಕೊಂಡಿರುತ್ತಾರೋ ಅಥವಾ ಬೀರುವಿನಲ್ಲಿಟ್ಟು ಮರೆಯುತ್ತಾರೋ, ಇವೆಲ್ಲ ಬಹುಮಟ್ಟಿಗೆ ತೀರ್ಮಾನವಾಗುವುದು ಈ ಘಟ್ಟದಲ್ಲಿ.

ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಹಳದಿ ಸ್ಟಿಕ್ಕರಿನ 10ನೇ ನಂಬರಿನ ಜಿಂಕ್-ಏರ್ ಸೆಲ್ಲಿನಲ್ಲಿ ಇರುವುದು ಸುಮಾರು 90 ಮಿಲಿಆಂಪ್-ಗಂಟೆ. ಸಾಧನ 1 ಮಿಲಿಆಂಪ್ ಎಳೆದರೆ 90 ಗಂಟೆ. ದಿನಕ್ಕೆ 16 ಗಂಟೆ ಹಾಕಿಕೊಂಡರೆ ಆರು ದಿನವೂ ತುಂಬುವುದಿಲ್ಲ. ಅದೇ 3 ಮಿಲಿಆಂಪ್ ಎಳೆದರೆ ಎರಡೇ ದಿನ. ಎರಡು ದಿನಕ್ಕೊಮ್ಮೆ, ನಡುಗುವ ಬೆರಳುಗಳಲ್ಲಿ, ಅಷ್ಟು ಚಿಕ್ಕ ಸೆಲ್ಲನ್ನು ತೆಗೆದು ಹಾಕಬೇಕಾದ ಎಪ್ಪತ್ತು ದಾಟಿದವರನ್ನು ಕಲ್ಪಿಸಿಕೊಳ್ಳಿ. ಆಂಪ್ಲಿಫೈಯರ್ ವಿನ್ಯಾಸ ಮಾಡುವವನು ಉಳಿಸುವ ಒಂದೊಂದು ಮಿಲಿಆಂಪಿಗೂ ಬೆಲೆ ಬರುವುದು ಅಲ್ಲಿ.

ಒಂದು ಪದದ ವಿಷಯ. ಈ ಉದ್ಯಮದಲ್ಲಿ ಆ ಸ್ಪೀಕರನ್ನು ಯಾರೂ ಸ್ಪೀಕರ್ ಎನ್ನುವುದಿಲ್ಲ, 'ರಿಸೀವರ್' ಎನ್ನುತ್ತಾರೆ. ಸದ್ದನ್ನು ಕೊಡುವ ವಸ್ತುವಿಗೆ 'ಪಡೆಯುವವನು' ಎಂಬ ಹೆಸರು! ಟೆಲಿಫೋನಿನ ಕಾಲದ ಪಳೆಯುಳಿಕೆ ಇದು. ನಮ್ಮ ಮನೆಗಳಲ್ಲೂ 'ರಿಸೀವರ್ ಕೆಳಗಿಡು' ಎಂಬ ಮಾತು ಇತ್ತಲ್ಲ, ಅದೇ. ಕಿವಿ ಮಷೀನು ಹುಟ್ಟಿದ್ದೇ ಟೆಲಿಫೋನಿನ ಹೊಟ್ಟೆಯಲ್ಲಿ. ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ತಾಯಿಗೆ ಕಿವಿ ಕೇಳುತ್ತಿರಲಿಲ್ಲ, ಹೆಂಡತಿಗೂ ಕೇಳುತ್ತಿರಲಿಲ್ಲ. ಆತನ ವೃತ್ತಿಯೇ ಕಿವುಡ ಮಕ್ಕಳಿಗೆ ಪಾಠ ಹೇಳುವುದಾಗಿತ್ತು. ಈ ಸಂಗತಿ ಮುಂದೆ, ಆತ ಸತ್ತು ಮೂವತ್ತು ವರ್ಷಗಳ ಮೇಲೆ, ಒಂದು ವಿಚಿತ್ರ ರೀತಿಯಲ್ಲಿ ಕೆಲಸಕ್ಕೆ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ವಿದ್ಯುತ್ತಿನ ಮೊದಲ ಶ್ರವಣ ಸಾಧನಗಳಲ್ಲಿ ಇಂದಿನ ಅರ್ಥದ ಆಂಪ್ಲಿಫೈಯರೇ ಇರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಮಾಡಿದ ಅಕೌಫೋನಿನಲ್ಲಿ ಇದ್ದದ್ದು ಟೆಲಿಫೋನಿನ ಇದ್ದಿಲು ಮೈಕ್ರೋಫೋನು, ಒಂದು ಬ್ಯಾಟರಿ, ಒಂದು ರಿಸೀವರ್. ಸದ್ದು ತಗಡಿನ ತೆರೆಯನ್ನು ಒತ್ತಿದಾಗ ಹಿಂದಿನ ಇದ್ದಿಲ ಹರಳುಗಳು ಒಂದಕ್ಕೊಂದು ಒತ್ತಿಕೊಂಡು ಅವುಗಳ ರೋಧ ಕಡಿಮೆಯಾಗುತ್ತದೆ. ಬ್ಯಾಟರಿಯಿಂದ ಹರಿಯುವ ಕರೆಂಟು ಸದ್ದಿನ ಲಯಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಸದ್ದಿನ ಶಕ್ತಿ ಇಲ್ಲಿ ನಲ್ಲಿ ತಿರುಗಿಸುವ ಕೈ ಮಾತ್ರ, ನೀರು ಬ್ಯಾಟರಿಯದ್ದು. ಹಾಗೆ ನೋಡಿದರೆ ಆ ಮೈಕ್ರೋಫೋನೇ ಒಂದು ಬಗೆಯ ಆಂಪ್ಲಿಫೈಯರ್. ಅದು ಸಾಲದಿದ್ದಾಗ ಒಂದು ರಿಸೀವರಿನ ತೆರೆಗೆ ಇನ್ನೊಂದು ಇದ್ದಿಲ ಡಬ್ಬಿಯನ್ನು ಜೋಡಿಸಿ ಮತ್ತಷ್ಟು ಹಿಗ್ಗಿಸುತ್ತಿದ್ದರು. ದನಿ ಗೊರಗೊರ. ಹರಳುಗಳು ಗಟ್ಟಿಯಾಗಿ ಕೂತುಬಿಟ್ಟರೆ ಡಬ್ಬಿಯನ್ನು ತಟ್ಟಿ ಸಡಿಲಿಸಬೇಕಿತ್ತು. ಆದರೂ ಬ್ರಿಟನ್ನಿನ ರಾಣಿ ಅಲೆಕ್ಸಾಂಡ್ರಾ ಇದನ್ನು ಬಳಸಿದಳು, ಮತ್ತು ಅರ್ಧ ಶತಮಾನದಷ್ಟು ಕಾಲ ಜನರ ಕೈಗೆಟುಕುವ ಸಾಧನ ಎಂದರೆ ಇದೇ ಆಗಿತ್ತು.

1920ರ ದಶಕದ ಆರಂಭದಲ್ಲಿ ಅರ್ಲ್ ಹ್ಯಾನ್ಸನ್ ರೂಪಿಸಿದ ವ್ಯಾಕ್ಟುಫೋನ್ ಬಂತು. ಇದರಲ್ಲಿ ನಿಜವಾದ ಆಂಪ್ಲಿಫೈಯರ್, ಅಂದರೆ ನಿರ್ವಾತ ಕೊಳವೆ, ರೇಡಿಯೋದ 'ವಾಲ್ವು' ಇತ್ತು. ಗುಣಮಟ್ಟದಲ್ಲಿ ದೊಡ್ಡ ಜಿಗಿತ, ಆದರೆ ಹೊಟ್ಟೆ ತುಂಬಿಸುವುದು ಕಷ್ಟ. ವಾಲ್ವಿನ ತಂತಿಯನ್ನು ಕೆಂಪಗೆ ಕಾಯಿಸಲು ಒಂದು ಬ್ಯಾಟರಿ, ಪ್ಲೇಟಿಗೆ ಹೆಚ್ಚು ವೋಲ್ಟೇಜು ಕೊಡಲು ಇನ್ನೊಂದು ದೊಡ್ಡ ಬ್ಯಾಟರಿ. ಯಾರೂ ಮಾತಾಡದೆ ಇದ್ದರೂ ಒಳಗೆ ದೀಪ ಉರಿಯುತ್ತಲೇ ಇರಬೇಕು. ಜೇಬಿಗೆ ಹಾಕಿಕೊಳ್ಳುವ ಮಾತಂತೂ ದೂರ.

ಅದನ್ನು ಜೇಬಿಗೆ ತಂದದ್ದು 1930ರ ದಶಕದ ಕೊನೆಯಲ್ಲಿ ಬಂದ ಪುಟ್ಟ ವಾಲ್ವುಗಳು. ರೇಥಿಯಾನ್ ಕಂಪನಿಯ ನಾರ್ಮನ್ ಕ್ರಿಮ್ ಎಂಬ ಇಂಜಿನಿಯರ್ ಶ್ರವಣ ಸಾಧನಗಳಿಗೆಂದೇ ಬೆರಳಿನ ತುದಿಯಷ್ಟು ದಪ್ಪದ ವಾಲ್ವುಗಳ ಬೆನ್ನು ಹತ್ತಿದರು. ಕಡಿಮೆ ಕರೆಂಟಿನಲ್ಲಿ ಕಾಯುವ ಕೂದಲೆಳೆಯಂಥ ತಂತಿ, ತೆಳುವಾದ ಗಾಜು. ಇದು ಆಗ ಯಾರೂ ಗಮನಿಸದ, ಹೆಚ್ಚು ಲಾಭವೂ ಇಲ್ಲದ ಮೂಲೆ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ವಿಮಾನದ ಹತ್ತಿರ ಬಂದ ಕೂಡಲೇ ತಾನಾಗಿ ಸಿಡಿಯುವ ಫಿರಂಗಿ ಗುಂಡಿಗೆ ಅಮೆರಿಕದ ವಿಜ್ಞಾನಿಗಳು ಪುಟ್ಟ ರೇಡಿಯೋ ಕೂರಿಸಬೇಕಾಗಿತ್ತು. ಗುಂಡಿನ ಮೂತಿಯಲ್ಲಿ ಹಿಡಿಸುವಷ್ಟು ಸಣ್ಣ ವಾಲ್ವು ಎಲ್ಲಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಕಿವಿ ಮಷೀನಿನ ವಾಲ್ವು! ಫಿರಂಗಿಯಿಂದ ಹೊರಡುವಾಗ ಗುರುತ್ವದ 20,000 ಪಟ್ಟು ವೇಗೋತ್ಕರ್ಷವನ್ನು ಆ ಗಾಜು ತಡೆದುಕೊಳ್ಳಬೇಕು. ಗಟ್ಟಿ ಮಾಡಿದರು, ತಡೆದುಕೊಂಡಿತು. ಯುದ್ಧ ಮುಗಿಯುವ ಹೊತ್ತಿಗೆ ಅಂಥ ಎರಡು ಕೋಟಿಗೂ ಹೆಚ್ಚು ಫ್ಯೂಜ್‌ಗಳು ತಯಾರಾಗಿದ್ದವು.

ಯುದ್ಧ ತಂತ್ರಜ್ಞಾನವನ್ನು ಬೆಳೆಸುತ್ತದೆ, ಅದರ ತುಣುಕುಗಳು ನಾಗರಿಕ ಬದುಕಿಗೆ ಉದುರುತ್ತವೆ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ. ಇಲ್ಲಿ ನಡೆದದ್ದು ತಿರುಗುಮುರುಗು. ಕೇಳಿಸದವರಿಗಾಗಿ ಮಾಡಿದ ವಸ್ತು ಮೊದಲು ಯುದ್ಧಕ್ಕೆ ಹೋಯಿತು. ವಾಪಸ್ಸು ಬರುವಾಗ ಮಾತ್ರ ಒಂಟಿಯಾಗಿ ಬರಲಿಲ್ಲ. ಫ್ಯೂಜ್‌ಗಾಗಿ ಮಿಲ್ವಾಕಿಯ ಸೆಂಟ್ರಲ್ಯಾಬ್ ಕಂಪನಿ ಪಿಂಗಾಣಿ ಬಿಲ್ಲೆಯ ಮೇಲೆ ತಂತಿಗಳನ್ನೂ ರೆಸಿಸ್ಟರ್‌ಗಳನ್ನೂ ಶಾಯಿಯಂತೆ ಮುದ್ರಿಸುವ ವಿಧಾನವನ್ನು ಪಳಗಿಸಿಕೊಂಡಿತ್ತು. ಯುದ್ಧಾನಂತರ ಅದೇ ವಿಧಾನ ಕಿವಿ ಮಷೀನಿನ ಆಂಪ್ಲಿಫೈಯರಿಗೆ ಒದಗಿತು. 1947ರಲ್ಲಿ ಆ ಕಂಪನಿಗೆ ಕೆಲಸಕ್ಕೆ ಸೇರಿದ ಒಬ್ಬ ಎತ್ತರದ ಹುಡುಗನ ಹೆಸರು ಜ್ಯಾಕ್ ಕಿಲ್ಬಿ. ಹತ್ತು ವರ್ಷದ ಹೊತ್ತಿಗೆ ಆತ ಅಲ್ಲಿ ಟ್ರಾನ್ಸಿಸ್ಟರ್ ಬಳಸಿದ ಪುಟ್ಟ ಶ್ರವಣ ಸಾಧನ ಆಂಪ್ಲಿಫೈಯರ್‌ಗಳ ಕೆಲಸ ಮಾಡುತ್ತಿದ್ದ. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸೇರಿ, ಅದೇ ವರ್ಷ ಇಂಟಿಗ್ರೇಟೆಡ್ ಸರ್ಕೀಟು ಮಾಡಿ ತೋರಿಸಿದ. 2000ರಲ್ಲಿ ನೊಬೆಲ್ ಬಂತು. ನಾವು ಇವತ್ತು ಹೊಟ್ಟೆ ಹೊರೆಯುತ್ತಿರುವ ಇಡೀ ಉದ್ಯಮದ ವಂಶವೃಕ್ಷದಲ್ಲಿ ಕಿವಿ ಮಷೀನು ಒಂದು ಬೇರು ಎಂದರೆ ಅತಿಶಯೋಕ್ತಿ ಆಗಲಾರದು.

ಟ್ರಾನ್ಸಿಸ್ಟರಿನ ಕಥೆಗೆ ಬರೋಣ. ಬೆಲ್ ಲ್ಯಾಬ್ಸ್‌ನಲ್ಲಿ ಅದು ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ. ಅದನ್ನು ತಯಾರಿಸಲು ಪರವಾನಗಿ ಕೊಡುವಾಗ ಮಾತೃಸಂಸ್ಥೆ ಎಟಿ ಅಂಡ್ ಟಿ ಒಂದು ವಿನಾಯಿತಿ ಕೊಟ್ಟಿತು: ಶ್ರವಣ ಸಾಧನಗಳಲ್ಲಿ ಬಳಸುವ ಟ್ರಾನ್ಸಿಸ್ಟರುಗಳಿಗೆ ರಾಯಲ್ಟಿ ಬೇಡ, ಗ್ರಹಾಂ ಬೆಲ್‌ನ ನೆನಪಿಗೆ. ತಾಯಿ ಮತ್ತು ಹೆಂಡತಿಯ ಕಿವುಡುತನ ಕೆಲಸಕ್ಕೆ ಬಂತು ಎಂದದ್ದು ಇದನ್ನೇ. ಜನಸಾಮಾನ್ಯರು ಅಂಗಡಿಯಲ್ಲಿ ಕೊಂಡ ಮೊಟ್ಟಮೊದಲ ಟ್ರಾನ್ಸಿಸ್ಟರ್ ವಸ್ತು ರೇಡಿಯೋ ಅಲ್ಲ, ಕಿವಿ ಮಷೀನು. 1952ರ ಡಿಸೆಂಬರ್ ಕೊನೆಗೆ ಮಾರಾಟಕ್ಕೆ ಬಂದ ಸೋನೋಟೋನ್ 1010, ಬೆಲೆ 229.50 ಡಾಲರ್.

ಈ 1010 ಮಾದರಿ ನನಗೆ ಬಹಳ ಇಷ್ಟ, ಯಾಕೆಂದರೆ ಅದರಲ್ಲಿ ಎರಡು ವಾಲ್ವು ಮತ್ತು ಒಂದೇ ಒಂದು ಟ್ರಾನ್ಸಿಸ್ಟರ್ ಇತ್ತು. ಆ ಒಂದನ್ನು ಕೂರಿಸಿದ್ದು ಎಲ್ಲಿ? ಔಟ್‌ಪುಟ್ ಘಟ್ಟದಲ್ಲಿ. ಆಗಿನ ಟ್ರಾನ್ಸಿಸ್ಟರುಗಳು ಸುಯ್ಯೆಂದು ಸದ್ದು ಮಾಡುತ್ತಿದ್ದವು. ಮೈಕ್ರೋಫೋನಿನ ಪಕ್ಕ, ಸಂಕೇತ ಇನ್ನೂ ಕ್ಷೀಣವಾಗಿರುವ ಜಾಗದಲ್ಲಿ ಇಟ್ಟರೆ ಆ ಸುಯ್ಯನ್ನೂ ಹಿಗ್ಗಿಸಿ ಕಿವಿಗೆ ತುಂಬಿದಂತಾಗುತ್ತಿತ್ತು. ಕೊನೆಯಲ್ಲಿಟ್ಟರೆ ಆ ತೊಂದರೆ ಇಲ್ಲ, ಮತ್ತು ಬ್ಯಾಟರಿ ಬಸಿದುಹೋಗುವ ಜಾಗವೂ ಅದೇ. ಒಂದೇ ಒಂದು ದುಬಾರಿ ವಸ್ತು ಕೈಯಲ್ಲಿದ್ದಾಗ ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ತಿಳಿದವರು ಮಾಡಿದ ವಿನ್ಯಾಸ. ಮರುವರ್ಷವೇ ಪೂರ್ತಿ ಟ್ರಾನ್ಸಿಸ್ಟರಿನ ಸಾಧನಗಳು ಬಂದವು, ದೊಡ್ಡ ಬಿ-ಬ್ಯಾಟರಿ ಚರಿತ್ರೆ ಸೇರಿತು. ಕ್ರಿಮ್ ಅವರ ರೇಥಿಯಾನ್ ಕಂಪನಿ ಸಿಕೆ718 ಎಂಬ ಟ್ರಾನ್ಸಿಸ್ಟರನ್ನು ಸಾಧನ ತಯಾರಕರಿಗೆ ರಾಶಿ ರಾಶಿ ಮಾರಿತು. ಆ ಮಟ್ಟ ಮುಟ್ಟದೆ ಪಕ್ಕಕ್ಕೆ ಬಿದ್ದವಕ್ಕೆ ಸಿಕೆ722 ಎಂದು ಹೆಸರಿಟ್ಟು ಹವ್ಯಾಸಿಗಳಿಗೆ ಮಾರಿತು. ಅಮೆರಿಕದ ಒಂದು ಇಡೀ ತಲೆಮಾರಿನ ಇಂಜಿನಿಯರುಗಳು ಮೊದಲು ಬೆಸುಗೆ ಹಾಕಿದ್ದು ಈ ತಿರಸ್ಕೃತ ಕಿವಿ-ಟ್ರಾನ್ಸಿಸ್ಟರಿಗೆ. 1964ರಲ್ಲಿ ಜೆನಿತ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಚಿಪ್ಪು ಹಾಕಿದ ಶ್ರವಣ ಸಾಧನ ಮಾರಿದಾಗ, ಐಸಿ ಇರುವ ಮೊದಲ ಗ್ರಾಹಕ ವಸ್ತು ಎಂಬ ಪಟ್ಟವೂ ಕಿವಿಗೇ ದಕ್ಕಿತು.

ಇಲ್ಲಿಯವರೆಗಿನದು ಗೆಲುವಿನ ಕಥೆ, ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಇಲ್ಲಿಂದ ಮುಂದಿನ ಇಪ್ಪತ್ತೈದು ವರ್ಷಗಳನ್ನು ಹೆಚ್ಚಿನವರು ಒಂದೇ ಸಾಲಿನಲ್ಲಿ ಹಾರಿಸಿಬಿಡುತ್ತಾರೆ: 'ಸಾಧನಗಳು ಇನ್ನೂ ಚಿಕ್ಕದಾದವು.' ನನ್ನ ತಕರಾರು ಇರುವುದು ಆ ಸಾಲಿನ ಬಗ್ಗೆ.

ಚಿಕ್ಕದಾಗಿಸಿದ್ದು ಹೇಗೆ? ಸರಳವಾದ ಔಟ್‌ಪುಟ್ ಘಟ್ಟ ಎಂದರೆ ಕ್ಲಾಸ್ ಎ. ಒಂದೇ ಟ್ರಾನ್ಸಿಸ್ಟರ್, ಅದರ ದಾರಿಯಲ್ಲಿ ರಿಸೀವರಿನ ಸುರುಳಿ. ನಲ್ಲಿಯನ್ನು ಯಾವಾಗಲೂ ಅರ್ಧ ತೆರೆದಿಟ್ಟಿರುತ್ತಾರೆ ಎಂದುಕೊಳ್ಳಿ. ಸದ್ದು ಬಂದಾಗ ನೀರು ಆ ಅರ್ಧದಿಂದ ಮೇಲಕ್ಕೂ ಕೆಳಕ್ಕೂ ಏರಿಳಿಯುತ್ತದೆ. ಸದ್ದೇ ಇಲ್ಲದಾಗಲೂ ಅರ್ಧ ನಲ್ಲಿ ಹರಿಯುತ್ತಲೇ ಇರುತ್ತದೆ, ಎಲ್ಲ ಬಚ್ಚಲಿಗೆ. ಸುರುಳಿಯ ಮೂಲಕ ಕರೆಂಟು ಕೊಡುವ ಕ್ಲಾಸ್ ಎ ಆಂಪ್ಲಿಫೈಯರಿನ ದಕ್ಷತೆ, ಪುಸ್ತಕದ ಪ್ರಕಾರ, ಅತಿ ಹೆಚ್ಚೆಂದರೆ ಶೇಕಡಾ 50. ಅದೂ ಸದ್ದು ಗರಿಷ್ಠ ಮಟ್ಟದಲ್ಲಿದ್ದಾಗ. ಮಾತು ಎಲ್ಲಿ ಯಾವಾಗಲೂ ಗರಿಷ್ಠದಲ್ಲಿರುತ್ತದೆ? ಮಾತಿನ ಸರಾಸರಿ ಶಕ್ತಿ ಗರಿಷ್ಠದ ಹದಿನಾರನೇ ಒಂದು ಪಾಲು ಎಂದು ಹಿಡಿದರೂ ದಕ್ಷತೆ ಶೇಕಡಾ 3ಕ್ಕೆ ಇಳಿಯಿತು. ನೂರು ರೂಪಾಯಿಯ ಸೆಲ್ಲು ಕೊಂಡು ತೊಂಬತ್ತೇಳನ್ನು ಮೈ ಬೆಚ್ಚಗಾಗಲು ಸುಟ್ಟಂತೆ. ಆ ಬೆಚ್ಚಗೂ ಗೊತ್ತಾಗುವಷ್ಟು ಇರುವುದಿಲ್ಲ, ಬಿಡಿ.

ಸಾಧನ ಕಿವಿಯೊಳಗೆ ಹೋದಂತೆ ಸೆಲ್ಲೂ ಚಿಕ್ಕದಾಯಿತು. 1983ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಕಿವಿಯೊಳಗಿನ ಸಾಧನ ಹಾಕಿಕೊಂಡಾಗ ಬೇಡಿಕೆ ಒಮ್ಮೆಲೇ ಏರಿತು. ಎಲ್ಲರಿಗೂ ಅಂಥದ್ದೇ ಬೇಕು, ಕಾಣಬಾರದು. ಚಿಕ್ಕ ಸೆಲ್ಲು ವಾರವಾದರೂ ಬರಬೇಕೆಂದರೆ ತಯಾರಕರಿಗೆ ಇದ್ದ ಸುಲಭದ ದಾರಿ ಒಂದೇ: ನಲ್ಲಿಯನ್ನು ಅರ್ಧದ ಬದಲು ಇನ್ನೂ ಕಡಿಮೆ ತೆರೆದಿಡುವುದು. ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಟಾರ್ವ್ಡ್ ಕ್ಲಾಸ್ ಎ' ಎಂದೇ ಹೆಸರು, ಉಪವಾಸ ಕೆಡವಿದ ಕ್ಲಾಸ್ ಎ. ಸಣ್ಣ ಮಾತಿಗೆ ಸಾಕು. ಸದ್ದು ಜೋರಾದಾಗ ಮಾತ್ರ ಕರೆಂಟು ಕೆಳಕ್ಕಿಳಿಯಲು ಜಾಗವೇ ಇಲ್ಲದೆ ಸೊನ್ನೆಗೆ ಬಡಿಯುತ್ತದೆ, ಅಲೆಯ ಒಂದು ಬದಿ ಕತ್ತರಿಸಿ ಹೋಗುತ್ತದೆ. ಕಿವಿಗೆ ಅದು ಒಡೆದ ದನಿ. ಜೋರು ಸದ್ದು ಎಂದರೆ ಪಟಾಕಿಯೇ ಆಗಬೇಕಿಲ್ಲ. ಬಾಯಿಂದ ಅರ್ಧ ಅಡಿ ದೂರದಲ್ಲಿರುವ ಮೈಕ್ರೋಫೋನಿಗೆ ಹಾಕಿಕೊಂಡವರ ಸ್ವಂತ ಮಾತೇ ಜೋರು. ಮದುವೆ ಮನೆ, ಹೋಟೆಲು, ಮೊಮ್ಮಕ್ಕಳ ಗಲಾಟೆ, ಎಲ್ಲವೂ ಜೋರೇ.

ನಮ್ಮ ದೊಡ್ಡಪ್ಪ ತಿಪಟೂರಿನ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಅವರ ಜೇಬಿನಲ್ಲಿ ಪೆನ್ಸಿಲ್ ಸೆಲ್ಲಿನ ಡಬ್ಬಿ, ಅಲ್ಲಿಂದ ಕಿವಿಗೆ ಒಂದು ವೈರು. ಮದುವೆಗಳಲ್ಲಿ ವಾಲಗ ಶುರುವಾದ ಕೂಡಲೇ ಅದನ್ನು ಕಿತ್ತು ಜೇಬಿಗಿಳಿಸುತ್ತಿದ್ದರು. 'ತಗಡು ಬಡಿದ ಹಾಗೆ ಆಗ್ತದೆ ಕಣೋ' ಎನ್ನುತ್ತಿದ್ದರು. ಕೊಂಡ ಅಂಗಡಿಯಲ್ಲಿ ವಿಚಾರಿಸಿದರೆ ಬಂದ ಉತ್ತರ, 'ಅಭ್ಯಾಸ ಆಗುತ್ತೆ ಯಜಮಾನ್ರೇ, ವಯಸ್ಸಾದ ಕಿವಿ.' ಮನೆಯಲ್ಲಿ ಯಾರೂ ಮಾತಾಡದಿದ್ದಾಗ ಸೆಲ್ಲು ಉಳಿಸಲು ಗುಬುಟು ತಿರುಗಿಸಿ ಆಫ್ ಮಾಡುತ್ತಿದ್ದರು. ಹಾಗಾಗಿ ಅವರನ್ನು ಮಾತಾಡಿಸಬೇಕೆಂದರೆ ಮೊದಲು ಎದುರಿಗೆ ಹೋಗಿ ಕೈಯಾಡಿಸಬೇಕು, ಅವರು ಗುಬುಟು ತಿರುಗಿಸಬೇಕು, ಆಮೇಲೆ ಮಾತು. ನಾವು ಹುಡುಗರು ಅದಕ್ಕೆ ನಗುತ್ತಿದ್ದೆವು. ಎಂ.ಟೆಕ್.ನಲ್ಲಿ ಪವರ್ ಆಂಪ್ಲಿಫೈಯರ್ ಪಾಠ ಕೇಳುವಾಗ ಕ್ಲಾಸ್ ಎ ಘಟ್ಟದ ಚಿತ್ರ ನೋಡಿ, ಆಹಾ, ದೊಡ್ಡಪ್ಪನ ಗುಬುಟು ಇದೇ ಅಲ್ಲವೇ ಅನ್ನಿಸಿತು. ಮೌನಕ್ಕೂ ಕರೆಂಟು ಕೇಳುವ ಯಂತ್ರ, ಮೌನವಾದಾಗ ಅದನ್ನು ಆಫ್ ಮಾಡುವ ಮನುಷ್ಯ. ಮೇಷ್ಟ್ರು ವಿನ್ಯಾಸಕಾರನ ಬಾಕಿ ಕೆಲಸವನ್ನು ಕೈಯಲ್ಲೇ ಮಾಡುತ್ತಿದ್ದರು.

'ಅಭ್ಯಾಸ ಆಗುತ್ತೆ' ಎಂಬ ಮಾತು ತಿಪಟೂರು ಸೀಮೆಯದ್ದಷ್ಟೇ ಅಲ್ಲ. ಕೆಟ್ಟ ದನಿಗೆ ಕಿವಿಯೇ ಕಾರಣ, ಹಾಳಾದ ಕಿವಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ ಎಂಬ ನಂಬಿಕೆ ಉದ್ಯಮದಲ್ಲೇ ಇತ್ತು. ಅದನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದವರಲ್ಲಿ ಮೀಡ್ ಕಿಲಿಯನ್ ಮುಖ್ಯ. ಅವರು ಚಿಕಾಗೋ ಪಕ್ಕದ ನೋಲ್ಸ್ ಎಲೆಕ್ಟ್ರಾನಿಕ್ಸ್‌ನಲ್ಲಿ ಮೈಕ್ರೋಫೋನ್, ರಿಸೀವರ್ ಮಾಡುತ್ತಿದ್ದ ಇಂಜಿನಿಯರ್. 1979ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ಶ್ರವಣ ಸಾಧನವನ್ನೂ ಹೈ-ಫೈ ಗುಣಮಟ್ಟಕ್ಕೆ ತರಬಹುದು ಎಂದು ಮಾಡಿ ತೋರಿಸಿದರು. ಚೆನ್ನಾಗಿ ಕೇಳುವ ಜನರಿಗೆ ಪ್ರಾಯೋಗಿಕ ಸಾಧನದ ದನಿಯನ್ನೂ ಒಳ್ಳೆಯ ಸಂಗೀತ ವ್ಯವಸ್ಥೆಗಳ ದನಿಯನ್ನೂ ಕೇಳಿಸಿ ಅಂಕ ಹಾಕಿಸಿದರು. ಕಿವಿ ಮಷೀನು ಆ ಸಾಲಿನಲ್ಲಿ ಮರ್ಯಾದೆಯಿಂದ ನಿಂತಿತು. ಅಂದ ಮೇಲೆ ತಗಡಿನ ದನಿ ಪ್ರಕೃತಿ ನಿಯಮವೇನೂ ಅಲ್ಲ, ಯಾರೋ ಎಲ್ಲೋ ಕರೆಂಟು ಉಳಿಸಿದ್ದರ ಫಲ.

ಹಾಗಾದರೆ ಬೇರೆ ದಾರಿ ಇರಲಿಲ್ಲವೇ? ಇತ್ತು, ಕ್ಲಾಸ್ ಬಿ. ಎರಡು ಟ್ರಾನ್ಸಿಸ್ಟರ್, ಒಂದು ಅಲೆಯ ಮೇಲರ್ಧ ಹೊತ್ತರೆ ಇನ್ನೊಂದು ಕೆಳಗಿನರ್ಧ ಹೊರುತ್ತದೆ. ಮೌನದಲ್ಲಿ ಎರಡೂ ಹೆಚ್ಚುಕಡಿಮೆ ನಿದ್ದೆ. ಪುಸ್ತಕದ ದಕ್ಷತೆ ಶೇಕಡಾ 78.5. ಜೋರು ಶಕ್ತಿ ಬೇಕಾದ ಸಾಧನಗಳಲ್ಲಿ ಇದನ್ನೇ ಬಳಸುತ್ತಿದ್ದರು. ಆದರೆ ಇದಕ್ಕೆ ನಡುವಿನಿಂದ ಮೂರನೇ ತಂತಿ ತೆಗೆದ ಸುರುಳಿಯ ರಿಸೀವರ್ ಬೇಕು, ಇಲ್ಲವೇ ಟ್ರಾನ್ಸ್‌ಫಾರ್ಮರ್ ಬೇಕು. ಒಂದು ಟ್ರಾನ್ಸಿಸ್ಟರಿನಿಂದ ಇನ್ನೊಂದಕ್ಕೆ ಕೈ ಬದಲಾಗುವ ಜಾಗದಲ್ಲಿ ಅಲೆ ತುಸು ಸೊಟ್ಟಗಾಗುತ್ತದೆ, ಅದೂ ಮೆಲುದನಿಯಲ್ಲಿ ಹೆಚ್ಚು ಕೇಳಿಸುವಂತೆ. ಕಿವಿಯ ನಾಳದಲ್ಲಿ ಕೂರಿಸಬೇಕಾದಾಗ ಜಾಗದ ಪ್ರಶ್ನೆ ಬೇರೆ. ಅದಕ್ಕೇ ಚಿಕ್ಕ ಸಾಧನಗಳು ಉಪವಾಸದ ಕ್ಲಾಸ್ ಎ ಹಿಡಿದುಕೊಂಡೇ ನಡೆದವು.

ಬಿಡುಗಡೆ ಬಂದದ್ದು ರಿಸೀವರಿನ ಒಳಗಿಂದ. ಅದರ ರಚನೆಯನ್ನು ಸ್ವಲ್ಪ ನೋಡಬೇಕು. ಮನೆಯ ಸ್ಪೀಕರಿನಂತೆ ಇದರಲ್ಲಿ ಶಂಕುವಿಗೆ ಅಂಟಿದ ಸುರುಳಿ ಇಲ್ಲ. ಎರಡು ಆಯಸ್ಕಾಂತಗಳ ನಡುವೆ ಸಮತೋಲದಲ್ಲಿ ನಿಂತ ಒಂದು ಪುಟ್ಟ ಲೋಹದ ನಾಲಗೆ. ಅದರ ಸುತ್ತ, ಅದಕ್ಕೆ ತಾಕದೆ, ಸುರುಳಿ. ಸುರುಳಿಯಲ್ಲಿ ಕರೆಂಟು ಹರಿದಾಗ ನಾಲಗೆ ಒಂದು ಆಯಸ್ಕಾಂತದ ಕಡೆ ವಾಲುತ್ತದೆ, ಕರೆಂಟು ತಿರುಗಿದಾಗ ಇನ್ನೊಂದರ ಕಡೆ. ನಾಲಗೆಯ ತುದಿಯಿಂದ ಒಂದು ಸಣ್ಣ ಸರಳು ಹೋಗಿ ತೆಳು ತೆರೆಯನ್ನು ತಳ್ಳುತ್ತದೆ. ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಈ ಬಗೆಯನ್ನು ಅಕ್ಕಿಕಾಳಿನ ಹತ್ತಿರದ ಗಾತ್ರಕ್ಕೆ ತಂದದ್ದರಲ್ಲಿ ಹ್ಯೂ ನೋಲ್ಸ್ 1946ರಲ್ಲಿ ಕಟ್ಟಿದ ಆ ಕಂಪನಿಯ ಪಾತ್ರ ದೊಡ್ಡದು. ಬೆರಳುಗಾತ್ರದ ಕಿವಿನಾಳದಲ್ಲಿ, ಮುಚ್ಚಿದ ಪುಟ್ಟ ಗಾಳಿ ತುಂಡನ್ನು ಅಲುಗಾಡಿಸುವುದಕ್ಕೆ ಇದಕ್ಕಿಂತ ಮಿತವ್ಯಯಿ ಸಾಧನ ಆಗ ಇರಲಿಲ್ಲ. ಸುರುಳಿಗೆ ಎಷ್ಟು ಸುತ್ತು ಹಾಕುತ್ತೀರಿ ಎಂಬುದರ ಮೇಲೆ ಅದರ ಇಂಪೀಡೆನ್ಸ್ ನಿಂತಿದೆ. ಸೆಲ್ಲಿನ ವೋಲ್ಟೇಜು 1.3ರ ಆಸುಪಾಸಿಗೆ ಕಟ್ಟಿಹಾಕಿದೆ; ಆದ್ದರಿಂದ ಸುತ್ತು ಹೆಚ್ಚಿಸಿದರೆ ಕರೆಂಟು ಉಳಿಯುತ್ತದೆ, ಗರಿಷ್ಠ ಸದ್ದು ತಗ್ಗುತ್ತದೆ. ಕಡಿಮೆ ಮಾಡಿದರೆ ಜೋರು ಸಿಗುತ್ತದೆ, ಸೆಲ್ಲು ಬರಿದಾಗುತ್ತದೆ. ವಿನ್ಯಾಸಕಾರ ತೂಗಬೇಕಾದ ತಕ್ಕಡಿ ಇದು. ಮುಖ್ಯ ಗುಣ ಇನ್ನೊಂದಿದೆ. ಲೋಹದ ಸುತ್ತಲಿನ ಸುರುಳಿಯಾದ್ದರಿಂದ ಅದಕ್ಕೆ ಇಂಡಕ್ಟೆನ್ಸ್ ಬಹಳ. ಆವರ್ತನ ಏರಿದಷ್ಟೂ ಅದು ಕರೆಂಟಿಗೆ ಬಾಗಿಲು ಹಾಕುತ್ತಾ ಹೋಗುತ್ತದೆ. ಇದನ್ನು ಅದುವರೆಗೂ ಒಂದು ಕಿರಿಕಿರಿ ಎಂದೇ ಎಲ್ಲರೂ ಎಣಿಸಿದ್ದರು.

ಕ್ಲಾಸ್ ಡಿ ಎಂಬ ಉಪಾಯ ಹಳೆಯದು. ನಲ್ಲಿಯನ್ನು ಅರ್ಧ, ಕಾಲು ಎಂದು ತೆರೆಯುವುದೇ ಬೇಡ. ಒಂದೋ ಪೂರ್ತಿ ತೆರೆ, ಇಲ್ಲವೇ ಪೂರ್ತಿ ಮುಚ್ಚು. ಪೂರ್ತಿ ಮುಚ್ಚಿದ ಸ್ವಿಚ್ಚಿನಲ್ಲಿ ಕರೆಂಟಿಲ್ಲ, ಪೂರ್ತಿ ತೆರೆದ ಸ್ವಿಚ್ಚಿನಲ್ಲಿ ವೋಲ್ಟೇಜು ನಷ್ಟವಿಲ್ಲ. ಎರಡರಲ್ಲೂ ಸುಡುವುದು ಏನೂ ಇಲ್ಲ. ಸೆಕೆಂಡಿಗೆ ಲಕ್ಷ ಸಲ ಹೀಗೆ ತೆರೆದು ಮುಚ್ಚುತ್ತಾ, ತೆರೆದಿರುವ ಅವಧಿಯನ್ನು ಸದ್ದಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿದರೆ ಸರಾಸರಿಯಲ್ಲಿ ಮೂಲ ಅಲೆ ಸಿಗುತ್ತದೆ. ಪುಸ್ತಕದ ದಕ್ಷತೆ ನೂರಕ್ಕೆ ನೂರು. 1964ರಲ್ಲೇ ಬ್ರಿಟನ್ನಿನ ಕ್ಲೈವ್ ಸಿಂಕ್ಲೇರ್ ಎಕ್ಸ್-10 ಎಂಬ ಕ್ಲಾಸ್ ಡಿ ಕಿಟ್ ಮಾರಿ ಕೆಟ್ಟ ಹೆಸರು ಗಳಿಸಿದ್ದ. ಆಗಿನ ಟ್ರಾನ್ಸಿಸ್ಟರುಗಳಿಗೆ ಆ ವೇಗವಿರಲಿಲ್ಲ. ವೇಗದ ಜೊತೆ ಇನ್ನೊಂದು ಬೇಕು. ಆ ಲಕ್ಷ ಬಡಿತಗಳನ್ನು ಸೋಸಿ ಸರಾಸರಿ ಮಾತ್ರ ಉಳಿಸುವ ಜರಡಿ, ಅಂದರೆ ದಪ್ಪ ಸುರುಳಿ ಮತ್ತು ಕೆಪಾಸಿಟರ್. ಕಿವಿಯೊಳಗೆ ಅವಕ್ಕೆ ಜಾಗವೆಲ್ಲಿ?

ಜಾಗ ಬೇಕಿರಲಿಲ್ಲ. ಜರಡಿ ಆಗಲೇ ಅಲ್ಲಿತ್ತು. ಆ ಕಿರಿಕಿರಿಯ ಇಂಡಕ್ಟೆನ್ಸೇ ಜರಡಿ. ಲಕ್ಷ ಹರ್ಟ್ಜ್‌ನಲ್ಲಿ ರಿಸೀವರಿನ ಸುರುಳಿ ಗೋಡೆಯಂತೆ ನಿಲ್ಲುತ್ತದೆ, ಸ್ವಿಚ್ಚಿನ ಬಡಿತಗಳಿಗೆ ಕರೆಂಟು ಕೊಡುವುದೇ ಇಲ್ಲ. ಮಾತಿನ ಆವರ್ತನಗಳಿಗೆ ಮಾತ್ರ ದಾರಿ ಬಿಡುತ್ತದೆ. ಅಷ್ಟಾಗಿ ಏನಾದರೂ ನುಸುಳಿದರೂ ಲೋಹದ ನಾಲಗೆ ಆ ವೇಗಕ್ಕೆ ಅಲುಗುವುದಿಲ್ಲ, ಅಲುಗಿದರೂ ಮನುಷ್ಯರ ಕಿವಿಗೆ ಕೇಳುವುದಿಲ್ಲ. 1980ರ ದಶಕದ ಕೊನೆಯಲ್ಲಿ ನೋಲ್ಸ್ ಕಂಪನಿ ಕ್ಲಾಸ್ ಡಿ ಚಿಪ್ಪನ್ನು ರಿಸೀವರಿನ ಲೋಹದ ಡಬ್ಬಿಯೊಳಗೇ ಕೂರಿಸಿ ಮಾರಲು ತೊಡಗಿತು; 1988ರಲ್ಲಿ ಅಲ್ಲಿನ ಹಿರಿಯ ಇಂಜಿನಿಯರ್ ಎಲ್ಮರ್ ಕಾರ್ಲ್ಸನ್ ಅದರ ಬಗ್ಗೆ ವೃತ್ತಿಪತ್ರಿಕೆಯಲ್ಲಿ ಲೇಖನ ಬರೆದರು. ಡಬ್ಬಿಯೊಳಗೆ ಇಡುವುದರಲ್ಲಿ ಜಾಣತನವಿದೆ. ಲಕ್ಷ ಹರ್ಟ್ಜ್ ಬಡಿತ ಹೊತ್ತ ತಂತಿ ಉದ್ದವಾದರೆ ಅದೇ ಒಂದು ಪುಟ್ಟ ಪ್ರಸಾರ ಕೇಂದ್ರ, ಪಕ್ಕದ ಸರ್ಕೀಟುಗಳಿಗೆ ಉಪದ್ರವ. ಲೋಹದ ಡಬ್ಬಿಯೊಳಗಾದರೆ ತಂತಿಯೂ ಚಿಕ್ಕದು, ಡಬ್ಬಿಯೇ ಕವಚ. ಮತ್ತೆ, ಸಾಧನ ತಯಾರಕರು ತಮ್ಮ ವಿನ್ಯಾಸವನ್ನು ಬುಡಮೇಲು ಮಾಡಬೇಕಾಗಿರಲಿಲ್ಲ. ಹಳೆಯ ರಿಸೀವರಿನ ಜಾಗದಲ್ಲಿ ಇದನ್ನಿಟ್ಟು ಹಳೆಯ ಔಟ್‌ಪುಟ್ ಘಟ್ಟವನ್ನು ಕಳಚಿಹಾಕಿದರೆ ಆಯಿತು.

ಅಷ್ಟರಲ್ಲಿ ಕಿಲಿಯನ್ ತಮ್ಮದೇ ಎಟಿಮೋಟಿಕ್ ರಿಸರ್ಚ್ ಕಂಪನಿ ಕಟ್ಟಿದ್ದರು. ಮೆಲುದನಿಯನ್ನು ಹಿಗ್ಗಿಸಿ, ಜೋರು ದನಿಯನ್ನು ಇದ್ದಂತೆಯೇ ಬಿಡುವ ಅವರ ಕೆ-ಆಂಪ್ ಎಂಬ ಚಿಪ್ಪಿಗೆ ಈ ಔಟ್‌ಪುಟ್ ಘಟ್ಟ ಹೇಳಿ ಮಾಡಿಸಿದ ಜೊತೆಯಾಯಿತು. ಮೌನದಲ್ಲಿ ಕರೆಂಟು ತೀರಾ ಕಡಿಮೆ, ಜೋರಿಗೆ ಬೇಕಾದಾಗ ಬೇಕಾದಷ್ಟು. ಸಂಗೀತ ಕಛೇರಿಯಲ್ಲೂ ಕಿತ್ತು ಜೇಬಿಗಿಡಬೇಕಿಲ್ಲದ ಸಾಧನ ಎಪ್ಪತ್ತು ವರ್ಷಗಳ ಆಂಪ್ಲಿಫೈಯರ್ ಇತಿಹಾಸದಲ್ಲಿ ಸಾಮಾನ್ಯ ಬಳಕೆದಾರನ ಕೈಗೆ ಬಂದದ್ದು ಆಗ. ಅದೇ ಕಂಪನಿ 1991ರಲ್ಲಿ ಶ್ರವಣ ಸಾಧನದ ಅದೇ ಬಗೆಯ ರಿಸೀವರನ್ನು ಇಟ್ಟು ಇಆರ್-4 ಎಂಬ ಸಂಗೀತದ ಇಯರ್‌ಫೋನ್ ಮಾಡಿತು. ಮುಂಬೈ ಲೋಕಲ್ಲಿನಲ್ಲೋ ದೆಹಲಿ ಮೆಟ್ರೋದಲ್ಲೋ ಕಿವಿಗೆ ಗಿಡಿದುಕೊಂಡು ಕೂತ ಎಷ್ಟೋ ಇಯರ್‌ಫೋನುಗಳು ಆ ಮನೆತನದ ಮೊಮ್ಮಕ್ಕಳು.

1996ರಲ್ಲಿ ಡೆನ್ಮಾರ್ಕಿನ ಎರಡು ಕಂಪನಿಗಳು, ವೈಡೆಕ್ಸ್ ಮತ್ತು ಓಟಿಕಾನ್, ಪೂರ್ತಿ ಡಿಜಿಟಲ್ ಸಾಧನಗಳನ್ನು ತಂದವು. ಜಾಹೀರಾತುಗಳು ಕಂಪ್ಯೂಟರ್ ಕಿವಿಯೊಳಗೆ ಬಂತೆಂದು ಸಾರಿದವು. ಔಟ್‌ಪುಟ್ ಘಟ್ಟದ ದೃಷ್ಟಿಯಿಂದ ನೋಡಿದರೆ ಡಿಜಿಟಲ್ ಎಂಬುದು ಕ್ಲಾಸ್ ಡಿಯ ಸಹಜ ಮುಂದುವರಿಕೆ. ಚಿಪ್ಪಿನ ಒಳಗೆ ಸದ್ದು ಸೊನ್ನೆ-ಒಂದುಗಳಾಗಿಯೇ ಇದೆ. ಅದನ್ನು ಮತ್ತೆ ಅನಲಾಗ್ ಮಾಡುವುದೇಕೆ? ಸೊನ್ನೆ-ಒಂದುಗಳ ವೇಗದ ಹರಿವನ್ನು ನಾಲ್ಕು ಸ್ವಿಚ್ಚುಗಳ ಸೇತುವೆಗೆ ನೇರ ಕೊಟ್ಟರೆ ಉಳಿದದ್ದನ್ನು ರಿಸೀವರಿನ ಸುರುಳಿ ನೋಡಿಕೊಳ್ಳುತ್ತದೆ. ನಾಲ್ಕು ಸ್ವಿಚ್ಚಿನ ಲಾಭ ಇದು: ಸೆಲ್ಲಿನ ಎರಡು ತುದಿಗಳನ್ನು ಸುರುಳಿಗೆ ಅದಲುಬದಲು ಮಾಡಬಹುದು. ಒಂದು ಕಡೆಗೆ 1.25 ವೋಲ್ಟ್, ಇನ್ನೊಂದು ಕಡೆಗೂ 1.25. ಒಟ್ಟು ಏರಿಳಿತ ಎರಡು ಪಟ್ಟು, ಅದೇ ಸುರುಳಿಗೆ ಸಿಗುವ ಗರಿಷ್ಠ ಶಕ್ತಿ ನಾಲ್ಕು ಪಟ್ಟು. ಸೆಲ್ಲು ಬದಲಾಗಲಿಲ್ಲ, ಟ್ರಾನ್ಸ್‌ಫಾರ್ಮರ್ ಬರಲಿಲ್ಲ.

ನಮ್ಮ ದೇಶದ ಮಾತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1965ರಲ್ಲಿ, ಐಸಿಯ ಕಿವಿ ಮಷೀನು ಬಂದ ಮರುವರ್ಷ. ಮುಂಬೈ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ 1983ರದ್ದು, ರೇಗನ್ ವರ್ಷದ್ದು. ಕಾನ್ಪುರದ ಸರ್ಕಾರಿ ಸ್ವಾಮ್ಯದ ಅಲಿಮ್ಕೋ, 1981ರಲ್ಲಿ ಶುರುವಾದ ಅಡಿಪ್ ಯೋಜನೆಯಡಿ, ಬಡವರಿಗೆ ದಶಕಗಳ ಕಾಲ ಕೊಟ್ಟದ್ದು ಹೆಚ್ಚಾಗಿ ಜೇಬಿನ ಡಬ್ಬಿಗಳನ್ನೇ. ಅದನ್ನು ಹಿಂದುಳಿದದ್ದು ಎಂದು ತಳ್ಳಿಹಾಕುವವರ ಜೊತೆ ನನಗೆ ಒಮ್ಮತವಿಲ್ಲ. ಜೇಬಿನ ಡಬ್ಬಿಗೆ ಕಿರಾಣಿ ಅಂಗಡಿಯ ಪೆನ್ಸಿಲ್ ಸೆಲ್ಲು ಸಾಕು. ಹಳ್ಳಿಯಲ್ಲಿ ಜಿಂಕ್-ಏರ್ ಸೆಲ್ಲು ಎಲ್ಲಿ ಹುಡುಕುವುದು? ಸ್ಟಿಕ್ಕರ್ ಕಿತ್ತ ಕ್ಷಣದಿಂದ ಗಾಳಿ ಒಳಹೋಗಿ ಬಳಸಿದರೂ ಬಳಸದಿದ್ದರೂ ಅದು ಸವೆಯುತ್ತದೆ. ದೊಡ್ಡಪ್ಪನ ಗುಬುಟಿನ ಉಳಿತಾಯ ಅಲ್ಲಿ ಪೂರ್ತಿ ನಡೆಯುವುದಿಲ್ಲ. ನನ್ನ ಆಕ್ಷೇಪ ಡಬ್ಬಿಯ ಗಾತ್ರದ ಬಗ್ಗೆ ಅಲ್ಲ. ಅಷ್ಟು ಜಾಗ, ಅಷ್ಟು ದೊಡ್ಡ ಸೆಲ್ಲು ಇದ್ದೂ ಒಳಗಿನ ಘಟ್ಟವನ್ನು ಉಪವಾಸ ಕೆಡವಿ ಅಗ್ಗ ಮಾಡುವ ಅಭ್ಯಾಸದ ಬಗ್ಗೆ. ಈಗ ಆ ಯೋಜನೆಯಲ್ಲೂ ಕಿವಿಯ ಹಿಂದೆ ಕೂರುವ ಡಿಜಿಟಲ್ ಸಾಧನಗಳನ್ನು ಕೊಡುತ್ತಿದ್ದಾರೆ. ಅಗ್ಗದ ಚಿಪ್ಪಿನಲ್ಲೂ ಸ್ವಿಚ್ಚಿನ ಸೇತುವೆ ಇರುವ ಕಾಲವಿದು.

ಇವತ್ತಿನ ದುಬಾರಿ ಸಾಧನಗಳಲ್ಲಿ ಕರೆಂಟಿನ ಲೆಕ್ಕವೇ ತಲೆಕೆಳಗಾಗಿದೆ. ಔಟ್‌ಪುಟ್ ಘಟ್ಟ ಸೊರಗಿ, ಬ್ಲೂಟೂತ್ ರೇಡಿಯೋ ಮತ್ತು ಲೆಕ್ಕಮಾಡುವ ಚಿಪ್ಪು ಮುಖ್ಯ ತಿನ್ನುಬಾಕರಾಗಿವೆ. ಹಾಗೆಂದು ಆಂಪ್ಲಿಫೈಯರಿನವರ ಕೆಲಸ ಮುಗಿದಿಲ್ಲ. ಸುರುಳಿ, ಆಯಸ್ಕಾಂತ ಎರಡೂ ಇಲ್ಲದ, ಸಿಲಿಕಾನಿನ ಮೇಲೆ ಪೀಜೋ ಪದರ ಹರಡಿದ ಸ್ಪೀಕರುಗಳು ಬರುತ್ತಿವೆ; ಚಿಪ್ಪಿನಂತೆಯೇ ಅವನ್ನು ಸಾವಿರಗಟ್ಟಲೆ ಅಚ್ಚು ಹಾಕಬಹುದು. ಆಂಪ್ಲಿಫೈಯರಿಗೆ ಅವು ಸುರುಳಿಯಾಗಿ ಅಲ್ಲ, ಕೆಪಾಸಿಟರಾಗಿ ಕಾಣುತ್ತವೆ. ಆವರ್ತನ ಏರಿದಷ್ಟೂ ಕರೆಂಟಿಗೆ ಬಾಗಿಲು ತೆರೆಯುತ್ತವೆ, ಅಂದರೆ 1988ರ ಪುಕ್ಕಟೆ ಜರಡಿ ಇಲ್ಲಿ ಇಲ್ಲ. ಸೆಲ್ಲಿನ ಒಂದೂಕಾಲು ವೋಲ್ಟು ಅವಕ್ಕೆ ಏನೇನೂ ಸಾಲದು, ಹತ್ತಾರು ಪಟ್ಟು ಏರಿಸಿಕೊಡಬೇಕು. ಜೊತೆಗೆ ಪ್ರತಿ ಅಲೆಗೂ ಆ ಕೆಪಾಸಿಟರಿಗೆ ತುಂಬಿದ ಚಾರ್ಜನ್ನು ಚೆಲ್ಲದೆ ಮತ್ತೆ ಸೆಲ್ಲಿನ ಕಡೆಗೇ ಮೊಗೆದುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಬಚ್ಚಲು. ಅದಕ್ಕೆಂದು ಹೊಸ ಸರ್ಕೀಟುಗಳನ್ನು ಬರೆಯುತ್ತಿರುವವರ ಮೇಜಿನ ಮೇಲೆ ಈಗ ಮತ್ತೊಂದು ಪುಟ್ಟ ಸುರುಳಿ ಬಂದು ಕೂತಿದೆ. ಈ ಸಲ ರಿಸೀವರಿನ ಒಳಗಲ್ಲ, ಆಂಪ್ಲಿಫೈಯರಿನ ಪಕ್ಕದಲ್ಲಿ.